ಗಾಜಿನಲ್ಲಿ ಬಂದ ನಡುಹಗಲು

ಕಡಲು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟುಕೊಟ್ಟ ಕಡೆ ಒಂದು ಊರಿತ್ತು. ಉಪ್ಪಿನ ಊರು. ಮಣ್ಣನ್ನು ಮೆಟ್ಟಿ ಮೆಟ್ಟಿ ಹದ ಮಾಡಿ, ಕಡಲ ನೀರು ಕಟ್ಟಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುವ ಗದ್ದೆಗೆ ಆ ಊರಿನವರು ಆಗರ ಅನ್ನುತ್ತಿದ್ದರು. ಆಗರದಲ್ಲಿ ಹುಟ್ಟಿ ಆಗರದಲ್ಲೇ ಮಣ್ಣಾಗುವ ಜನ. ನೆಟ್ಟಗೆ ನಡೆಯುವ ಜನ. ಅವರ ಬೆನ್ನು ಉಪ್ಪು ಎಳೆಯುವಾಗ ಬಿಟ್ಟರೆ ಬೇರೆ ಯಾವಾಗಲೂ ಬಾಗುತ್ತಿರಲಿಲ್ಲ ಎಂದು ಸುತ್ತಲಿನ ಊರುಗಳಲ್ಲಿ ಮಾತಿತ್ತು. ಆ ಮಾತು ಹಳೆಯದು, ಹಡಗಿನವರು ಬರುವುದಕ್ಕಿಂತ ಮುಂಚಿನದು.

ಈ ಕಥೆ ನಡೆದ ಕಾಲಕ್ಕೆ ಆ ಊರಿಗೆ ಒಂದು ಕಟ್ಟಳೆಯಿತ್ತು. ಗುಡ್ಡದ ಮೇಲಿನ ತೋಪು, ಅಂದರೆ ಫಿರಂಗಿ, ಹಾರಿದಾಗ ನಡುಹಗಲು. ಅದು ಹಾರುವ ತನಕ ಯಾರೂ ಕೂರುವಂತಿಲ್ಲ, ಯಾರೂ ಉಣ್ಣುವಂತಿಲ್ಲ, ಯಾರೂ ನೆರಳಿಗೆ ಹೋಗುವಂತಿಲ್ಲ. ತೋಪು ಹಾರುತ್ತಿದ್ದುದು ಯಾವಾಗ ಅಂದರೆ ಸೂರ್ಯ ಕಡಲಿಗಿಳಿದು, ಹಕ್ಕಿಗಳು ಗೂಡು ಸೇರಿ, ಮನೆಮನೆಯಲ್ಲಿ ದೀಪ ಹಚ್ಚಿ ಆದಮೇಲೆ. ಢಂ ಎಂದು ಸದ್ದಾದ ಕೂಡಲೇ ಊರಿಗೆ ಊರೇ ನಿಂತಲ್ಲಿ ನಿಂತು, ಕತ್ತಲೆಗೆ ಮುಖ ಮಾಡಿ, "ನಡುಹಗಲಾಯಿತು, ನಡುಹಗಲಾಯಿತು, ನಡುಹಗಲಾಯಿತು" ಎಂದು ಮೂರು ಸಲ ಹೇಳುತ್ತಿತ್ತು. ಆಮೇಲೆ ಬುತ್ತಿ ಬಿಚ್ಚುತ್ತಿತ್ತು.

ನಗಬೇಡಿ. ಕಟ್ಟಳೆ ಬಂದದ್ದು ಹೀಗೆ.

ಹಡಗಿನವರು ಮೊದಲು ಉಪ್ಪು ಕೊಳ್ಳಲು ಬಂದರು. ಆಮೇಲೆ ಉಪ್ಪಿಡಲು ಜಾಗ ಕೇಳಿದರು. ಆಮೇಲೆ ಜಾಗ ಕಾಯಲು ತೋಪು ತಂದರು. ಆಮೇಲೆ ತೋಪಿಡಲು ಗುಡ್ಡ ಬೇಕೆಂದರು. ಗುಡ್ಡದ ಮೇಲೆ ನಿಂತವರಿಗೆ ಊರೆಲ್ಲ ಕಾಲ ಕೆಳಗೆ ಕಂಡಿತು, ಕಂಡದ್ದೆಲ್ಲ ತಮ್ಮದೇ ಅನ್ನಿಸಿತು. ಹಡಗು ಹತ್ತುವ ದಿನ, ತಮ್ಮೂರಿನಲ್ಲಿ ಸೂರ್ಯ ನೆತ್ತಿಗೆ ಬಂದ ಗಳಿಗೆಯಲ್ಲಿ, ಅವರು ಒಂದು ಮರಳಿನ ಗಾಜನ್ನು ಮಗುಚಿ ಇಟ್ಟುಕೊಂಡಿದ್ದರಂತೆ. ಮೇಲಿನ ಬುರುಡೆಯ ಮರಳು ಕೆಳಗಿಳಿದು ಖಾಲಿಯಾದಾಗ ಮತ್ತೆ ಮಗುಚುವುದು, ಖಾಲಿಯಾದಾಗ ಮತ್ತೆ ಮಗುಚುವುದು. ಹೀಗೆ ಆರು ತಿಂಗಳು ಕಡಲ ಮೇಲೆ ಮಗುಚುತ್ತಾ ಮಗುಚುತ್ತಾ ತಮ್ಮೂರಿನ ನಡುಹಗಲನ್ನು ಒಂದು ಹನಿ ಚೆಲ್ಲದೆ ಹೊತ್ತು ತಂದಿದ್ದರು.

"ಜಗತ್ತಿನಲ್ಲಿರುವ ನಡುಹಗಲು ಇದೊಂದೇ," ಎಂದರು ಅವರು, ಗಾಜನ್ನು ಎತ್ತಿ ತೋರಿಸಿ. "ನಿಮ್ಮ ಸೂರ್ಯ ಆತುರಗಾರ. ಮುಂಚೆ ಮುಂಚೆ ಓಡುತ್ತಾನೆ. ಅವನನ್ನು ನಂಬಬೇಡಿ."

ಸೂರ್ಯನನ್ನು ನಂಬಿ ಕೂತ ಮೊದಲ ಸಾಲಿನ ಹನ್ನೆರಡು ಮಂದಿಯನ್ನು ಆಗರದ ಬದುವಿನ ಮೇಲೆ ನಿಲ್ಲಿಸಿ ಹೊಡೆದರು. ಹದಿಮೂರನೆಯವನು ಕೂರಲಿಲ್ಲ. ಅವನ ಮಕ್ಕಳು ಕೂರುವುದನ್ನು ಮರೆತರು. ಅವರ ಮಕ್ಕಳು ಜಗಲಿಯ ಮುಂದೆ ಸಾಲಾಗಿ ನಿಂತುಕೊಂಡು, "ಸೂರ್ಯ ತಪ್ಪು, ತೋಪು ಸರಿ" ಎಂದು ಬಾಯಿಪಾಠ ಒಪ್ಪಿಸತೊಡಗಿದರು.

ಗಾಜನ್ನು ಮಗುಚುವ, ತೋಪಿಗೆ ಬೆಂಕಿ ಕೊಡುವ ಕೆಲಸವನ್ನು ಹಡಗಿನವರು ಊರಿನದೇ ಒಂದು ಮನೆಗೆ ವಹಿಸಿದರು. ಬಿಳಿಯ ಕೈಗಳಿಗೆ ನಿದ್ದೆಗೆಡುವ ಕೆಲಸ ಒಗ್ಗಲಿಲ್ಲವೇನೋ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಂದ ಆ ಕೆಲಸ ಏಳನೆಯ ತಲೆಮಾರಿನಲ್ಲಿ ಒಬ್ಬ ವಿಧವೆಯ ಕೈಗೆ ಬಂದಿತ್ತು. ಅವಳನ್ನು ಊರು ತೋಪಿನಮ್ಮ ಅನ್ನುತ್ತಿತ್ತು. ಅವಳ ಹತ್ತಿರ ಇಪ್ಪತ್ತನಾಲ್ಕು ಕವಡೆಗಳಿದ್ದವು. ಒಂದು ಸಲ ಮಗುಚಿದರೆ ಒಂದು ಕವಡೆ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಇಪ್ಪತ್ತನಾಲ್ಕನೆಯದು ಬಿದ್ದರೆ ತೋಪು. ಆ ಮನೆಯಲ್ಲಿ ಯಾರ ನಿದ್ದೆಯೂ ವೀಳ್ಯದೆಲೆಗಿಂತ ದಪ್ಪವಿರಲಿಲ್ಲ. ಮರಳು ಬೀಳುವ ಸದ್ದು ನಿಂತರೆ ಸಾಕು, ಕಣ್ಣು ತೆರೆಯುತ್ತಿತ್ತು.

ತೋಪಿನಮ್ಮನಿಗೆ ತನ್ನ ಕೆಲಸದ ಬಗ್ಗೆ ಬಹಳ ಹೆಮ್ಮೆ. ಹೊತ್ತು ಗೊತ್ತಿರುವುದು ಈ ಊರಿನಲ್ಲಿ ನನಗೊಬ್ಬಳಿಗೇ ಎಂದು ಅವಳು ನಡೆಯುವ ರೀತಿಯಲ್ಲೇ ಕಾಣುತ್ತಿತ್ತು. ಅವಳು ಬೀದಿಗಿಳಿದರೆ ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಿದ್ದರು. ಅವಳು ಬೈದರೂ ಬೈಸಿಕೊಂಡವರು ಅದನ್ನೇ ದೊಡ್ಡದಾಗಿ ಹೇಳಿಕೊಂಡು ತಿರುಗುತ್ತಿದ್ದರು.

ಆದರೆ ಆ ಹೆಮ್ಮೆಯ ಬುಡದಲ್ಲಿ ಒಂದು ಗುಟ್ಟು ಕೂತಿತ್ತು. ಅವಳ ತಾಯಿ ಸಾಯುವಾಗ ಮಗಳ ಕಿವಿಯನ್ನು ಬಾಯಿಗೆಳೆದುಕೊಂಡು, "ಒಂದ್ಸಲ ತೂಕಡಿಸ್ಬಿಟ್ಟೆ ಮಗಾ. ಎದ್ದಾಗ ಗಾಜು ಖಾಲಿಯಾಗಿತ್ತು. ಎಷ್ಟೊತ್ತು ಹಾಗೆ ನಿಂತಿತ್ತೋ ದೇವರಿಗೇ ಗೊತ್ತು. ಮಗುಚಿ ಇಟ್ಟೆ, ಯಾರಿಗೂ ಹೇಳ್ಲಿಲ್ಲ," ಎಂದಿದ್ದಳು. ಸ್ವಲ್ಪ ಹೊತ್ತು ಉಸಿರಾಡಿಕೊಂಡು, "ನನ್ನ ಅವ್ವನೂ ಹೀಗೇ ಹೇಳಿ ಸತ್ಳು. ಅವಳ ಅವ್ವನೂ," ಎಂದು ಸೇರಿಸಿದ್ದಳು.

ತೋಪಿನಮ್ಮನೂ ಬೇರೆಯವಳಲ್ಲ. ಅವಳು ಮಗಳನ್ನು ಹೆತ್ತ ದಿನ ಗುಡ್ಡದ ಮೇಲೆ ಒಬ್ಬಳೇ ಇದ್ದಳು. ನೋವು ಬಂದು ಹೋಗುವ ನಡುವೆ ಎರಡು ಸಲ ಗಾಜನ್ನು ಮಗುಚಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಕೂಸು ಅತ್ತಾಗ ಎಚ್ಚರವಾಗಿ ನೋಡಿದರೆ ಮೇಲಿನ ಬುರುಡೆ ಬೋಳಾಗಿ ನಿಂತಿತ್ತು. ಹೊಕ್ಕುಳಬಳ್ಳಿ ಕೊಯ್ಯುವ ಮುಂಚೆ ಅವಳು ಗಾಜನ್ನು ಮಗುಚಿದಳು. ಆ ನಾಚಿಕೆಯನ್ನು ಅವಳು ಇಪ್ಪತ್ತು ವರ್ಷ ಮಡಿಲಲ್ಲಿ ಕಟ್ಟಿಕೊಂಡು ತಿರುಗಿದ್ದಳು.

ತೋಪು ಮಾತ್ರ ತಲೆಮಾರಿಗೊಂದಿಷ್ಟು ತಡವಾಗುತ್ತಾ ಬಂದಿತ್ತು. ಊರಿನ ಅತಿ ಹಿರಿಯ ಮುದುಕಿ ಉಪ್ಪಜ್ಜಿ, ಆಗರದ ಬದುವಿನ ಮೇಲೆ ನಿಂತುಕೊಂಡೇ ಹಲ್ಲಿಲ್ಲದ ಬಾಯಲ್ಲಿ ಹೇಳುತ್ತಿದ್ದಳು: "ನಾನು ಸಣ್ಣವಳಿದ್ದಾಗ ದನ ಕೊಟ್ಟಿಗೆಗೆ ಬರೋವಾಗ ತೋಪು ಹಾರ್ತಿತ್ತು. ಈಗ ಚುಕ್ಕಿ ಮೂಡಿದ್ರೂ ಹಾರೋದಿಲ್ಲ." ಕೇಳಿದವರು, "ಹೌದಜ್ಜಿ, ಸೂರ್ಯನ ಆತುರ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಾ ಉಂಟು," ಎಂದು ತಲೆದೂಗುತ್ತಿದ್ದರು.

ಒಂದು ದಿನ ಹಡಗಿನವರು ಹೊರಟುಹೋದರು. ಊರು ಅವರನ್ನು ಹೊರಡಿಸಿತು ಎನ್ನುವುದು ಹೆಚ್ಚು ಸರಿ. ಆಗರದ ಜನ ಮೂರು ಮಳೆಗಾಲ, ಮೂರು ಬೇಸಿಗೆ ಉಪ್ಪು ಎಳೆಯದೆ ಕೈ ಕಟ್ಟಿ ನಿಂತರು. ಏಟು ತಿಂದರು, ನಿಂತರು. ಹಸಿದರು, ನಿಂತರು. ನಾಲ್ಕನೆಯ ಬೇಸಿಗೆಗೆ ಹಡಗುಗಳು ಹಾಯಿ ಬಿಚ್ಚಿದವು. ಆ ದಿನದ ಮಾತೆತ್ತಿದರೆ ಈಗಲೂ ಆ ಊರಿನವರ ಎದೆ ಒಂದು ಗೇಣು ಉಬ್ಬುತ್ತದೆ, ಉಬ್ಬಬೇಕಾದದ್ದೇ.

ಹಡಗಿನವರು ಕುರ್ಚಿ ಒಯ್ದರು, ಪರದೆ ಒಯ್ದರು, ನಾಯಿಗಳನ್ನೂ ಒಯ್ದರು. ತೋಪನ್ನೂ ಗಾಜನ್ನೂ ಬಿಟ್ಟುಹೋದರು. ಮೊಳೆಗೆ ನೇತುಹಾಕಿದ್ದ ಕೆಲವು ಉಣ್ಣೆಯ ಕರಿ ಕೋಟುಗಳನ್ನೂ ಬಿಟ್ಟುಹೋದರು. ಊರಿನ ಹಿರೀಕರು ಕೋಟು ತೊಟ್ಟುಕೊಂಡು ಗುಡ್ಡ ಹತ್ತಿದರು. ಅವರಲ್ಲಿ ದೊಡ್ಡ ಹಿರೀಕ ತೋಪಿನ ಮೇಲೆ ಕೈಯಿಟ್ಟು, "ಅವರು ಹೋದರೆ ಹೋಗಲಿ. ನಡುಹಗಲು ಹೋಗಬಾರದು. ಹೊತ್ತಿಲ್ಲದ ಊರು ಅಂತ ನಾಲ್ಕು ಜನ ಆಡಿಕೊಳ್ಳಬಾರದು," ಎಂದ. ಅದು ಎಲ್ಲರಿಗೂ ಸರಿ ಅನ್ನಿಸಿತು. ತೋಪಿನಮ್ಮನಿಗಂತೂ ಕಣ್ಣು ತುಂಬಿ ಬಂತು. ಇನ್ನು ಮೇಲೆ ಅವಳು ಮಗುಚುವುದು ಹಡಗಿನವರಿಗಾಗಿ ಅಲ್ಲ, ತನ್ನ ಊರಿಗಾಗಿ.

ಹೀಗೆ ಕಟ್ಟಳೆ ಉಳಿಯಿತು, ಕಾಯುವವರ ಬಣ್ಣ ಬದಲಾಯಿತು.

ತೋಪಿನಮ್ಮನ ಮಗಳನ್ನು ಆಗರದ ಮನೆಗೆ ಕೊಟ್ಟಿತ್ತು. ಅವಳು ಆರು ತಿಂಗಳ ಬಸುರಿ. ಬೇಸಿಗೆಯ ತುತ್ತತುದಿಯ ಒಂದು ದಿನ, ಗಾಳಿ ಕೂಡ ಸುಟ್ಟುಕೊಂಡಂತೆ ಸುಮ್ಮನಿದ್ದ ಹೊತ್ತಿನಲ್ಲಿ, ಅವಳು ಉಪ್ಪು ಎಳೆಯುವ ಹಲಗೆಯ ಮೇಲೆ ಕವುಚಿ ಬಿದ್ದಳು. ಬಿಳಿ ಉಪ್ಪು, ಬಿಳಿ ಬಿಸಿಲು, ನಡುವೆ ಅವಳ ಕೆಂಪು ಸೀರೆ. ಗಂಡ ಅವಳನ್ನು ಎತ್ತಿಕೊಂಡು ಆಗರದ ಅಂಚಿನ ನೆರಳಿನ ಚಪ್ಪರದ ಕಡೆ ಓಡಿದ. ಚಪ್ಪರದ ಬಾಗಿಲಲ್ಲಿ ಹಿರೀಕರು ಕರಿ ಕೋಟಿನ ಗುಂಡಿ ಕತ್ತಿನ ತನಕ ಹಾಕಿಕೊಂಡು ನಿಂತಿದ್ದರು.

"ಇನ್ನೂ ಬೆಳಗಿನ ಜಾವ," ಎಂದ ದೊಡ್ಡ ಹಿರೀಕ, ಹಣೆಯ ಬೆವರು ಒರೆಸಿಕೊಳ್ಳುತ್ತಾ. "ಈ ಚಳಿಯಲ್ಲಿ ಯಾರಾದರೂ ಬಿಸಿಲಿಗೆ ಬೀಳ್ತಾರೇನಯ್ಯಾ? ತೋಪು ಹಾರಲಿ, ಆಮೇಲೆ ನೆರಳು."

ಅವನು ಕೆಟ್ಟವನಲ್ಲ. ಅವನ ಅಜ್ಜನ ಅಜ್ಜನ ಅಜ್ಜ ಬದುವಿನ ಮೇಲೆ ಏಟು ತಿಂದ ಹನ್ನೆರಡು ಮಂದಿಯಲ್ಲಿ ಒಬ್ಬ. ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಆ ಏಟಿನ ಹೆದರಿಕೆಯನ್ನು ಹಾಲಿನ ಜೊತೆ ಕುಡಿಸಿದ್ದರು.

ಜನ ಗುಡ್ಡ ಹತ್ತಿ ಓಡಿ ಬಂದರು. ತೋಪಿನಮ್ಮ ಗಾಜಿನ ಮುಂದೆ ನಿಂತಿದ್ದಳು. ಬಟ್ಟಲಿಗೆ ಬಿದ್ದದ್ದು ಹದಿನೇಳು ಕವಡೆ, ಇನ್ನೂ ಏಳು ಬಾಕಿ.

"ಅಮ್ಮಾ, ನಿನ್ನ ಮಗಳು ಬಿದ್ದಿದ್ದಾಳೆ. ನೆರಳಿಗೆ ಬಿಡ್ತಾ ಇಲ್ಲ. ತೋಪು ಹಾರಿಸು. ಒಂದು ದಿನ ಹೊತ್ತಿಗೆ ಮುಂಚೆ ಹಾರಿಸಿದ್ರೆ ಆಕಾಶವೇನೂ ಕಳಚಿ ಬೀಳೋದಿಲ್ಲ."

ಅವಳು ತೋಪಿಗೆ ಕಿಚ್ಚಿಡುವ, ಕೆಂಡ ಹಿಡಿದ ಬತ್ತಿಯ ಕೋಲು ಕೈಗೆತ್ತಿಕೊಂಡಳು. ಏಳು ತಲೆಮಾರಿನಲ್ಲಿ ಆ ಮನೆಯ ಯಾರೂ ಕವಡೆ ತುಂಬುವ ಮುಂಚೆ ಬೆಂಕಿ ಕೊಟ್ಟಿರಲಿಲ್ಲ. ಈಗ ಸುಳ್ಳು ತೋಪು ಹಾರಿಸಿದರೆ ಮಗಳು ಇವತ್ತು ಬದುಕುತ್ತಾಳೆ, ನಾಳೆ ಮತ್ತೆ ಅದೇ ಆಗರ, ಅದೇ ಬೆಳಗಿನ ಜಾವದ ಬಿಸಿಲು. ನಿಜ ಹೇಳಿದರೆ ಮಗಳ ಜೊತೆ ಊರೆಲ್ಲ ಬದುಕುತ್ತದೆ, ಆದರೆ ಅವ್ವನ ಹೆಸರು, ಅವ್ವನ ಅವ್ವನ ಹೆಸರು, ಏಳು ಹೆಂಗಸರ ಹೆಸರು ಬೀದಿಗೆ ಬೀಳುತ್ತದೆ. ಸತ್ತವರ ಮಾನ ಕಾಯುವುದೋ, ಹೊಟ್ಟೆಯಲ್ಲಿ ಹುಟ್ಟಿದವಳ ಜೀವ ಕಾಯುವುದೋ. ಅವಳು ಬಹಳ ಹೊತ್ತು ಯೋಚಿಸಿದಳು ಎಂದು ಕಥೆ ಹೇಳುವವರು ಹೇಳುತ್ತಾರೆ. ಅದು ಸುಳ್ಳು. ಒಂದು ಚಿಟಿಕೆ ಮರಳು ಬೀಳುವಷ್ಟು ಹೊತ್ತೂ ಅವಳು ಯೋಚಿಸಲಿಲ್ಲ.

ಬತ್ತಿಯ ಕೋಲನ್ನು ನೀರಿನ ಕೊಡಕ್ಕೆ ಅದ್ದಿದಳು. ಚುಂಯ್ ಎಂದಿತು. ಗಾಜನ್ನು ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ಹಾಸಿಗೆಗೆ ಹಾಕಿದಂತೆ, ಮಡಿಲಿನಲ್ಲಿ ಅಡ್ಡ ಮಲಗಿಸಿದಳು. ಮರಳು ನಿಂತಿತು. "ನೀನೂ ಸ್ವಲ್ಪ ಮಲಗು," ಎಂದಳು. ಗುಡ್ಡ ಇಳಿದಳು.

ಆಗರದ ನಡುವೆ, ಎಲ್ಲರ ಎದುರಿಗೆ, ಅವಳು ಗಾಜನ್ನು ಎತ್ತಿ ಹಿಡಿದಳು.

"ಹಿರೀಕರೇ, ಇದು ನಡುಹಗಲು ತೋರಿಸೋದಿಲ್ಲ."

"ತೋಪಿನಮ್ಮಾ, ಯೋಚನೆ ಮಾಡಿ ಮಾತಾಡಿ," ಎಂದ ದೊಡ್ಡ ಹಿರೀಕ. "ಏಳು ತಲೆಮಾರಿನ ಮರ್ಯಾದೆ ನಿಮ್ಮದು."

"ಆ ಏಳು ತಲೆಮಾರಿನದ್ದೇ ಹೇಳ್ತಿದ್ದೇನೆ. ನನ್ನ ಅವ್ವ ತೂಕಡಿಸಿದ್ಲು. ಅವಳ ಅವ್ವ ತೂಕಡಿಸಿದ್ಲು. ಅದರ ಹಿಂದಿನವಳೂ ತೂಕಡಿಸಿದ್ಲು. ಹೆಂಗಸರು, ದಣಿದಿದ್ರು, ಮಲಗಿದ್ರು. ಗಾಜು ಖಾಲಿಯಾಗಿ ನಿಲ್ತು. ಎದ್ದು ಮಗುಚಿ ಸುಮ್ಮನಾದ್ರು. ಇಗೋ, ಇಲ್ಲಿ ಬಿದ್ದಿದ್ದಾಳಲ್ಲ, ಇವಳು ಹುಟ್ಟಿದ ದಿನ ನಿಮ್ಮ ನಡುಹಗಲು ನಿಂತಿತ್ತು. ಎಷ್ಟೊತ್ತು ಅಂತ ಕೇಳಿದ್ರೆ ನನಗೂ ಗೊತ್ತಿಲ್ಲ. ಇದು ಹಡಗಿನವರ ಊರಿನ ಹೊತ್ತೂ ಅಲ್ಲ, ನಮ್ಮ ಹೊತ್ತೂ ಅಲ್ಲ. ಯಾರಪ್ಪನ ಹೊತ್ತೂ ಅಲ್ಲ. ನಾವು ಇಷ್ಟು ವರ್ಷ ಕಾದದ್ದು ನಮ್ಮ ಮನೆಯ ನಿದ್ದೆಯನ್ನ!"

ದೊಡ್ಡ ಹಿರೀಕನ ಬಾಯಿ ತೆರೆದಿತ್ತು. ಅವನು ಸಿಟ್ಟಾಗುತ್ತಾನೆಂದು ಎಲ್ಲರೂ ಕಾದರು. ಅವನು ದಾರಿ ತಪ್ಪಿದ ಮಗುವಿನಂತೆ ಸುತ್ತ ನೋಡಿ, "ಹಾಗಾದರೆ... ಈಗ ಹೊತ್ತೆಷ್ಟು?" ಎಂದ.

ಯಾರಿಗೂ ಗೊತ್ತಿರಲಿಲ್ಲ. ಅವನನ್ನು ಇವನು ನೋಡಿದ, ಇವನನ್ನು ಅವಳು ನೋಡಿದಳು. ಹಡಗುಗಳನ್ನೇ ಓಡಿಸಿದ ಊರು, ಹೊತ್ತು ಹೇಳಲಾರದೆ ಕಣ್ಣು ಕಣ್ಣು ಬಿಟ್ಟಿತು.

ಆಗ ಉಪ್ಪಜ್ಜಿ ನಕ್ಕಳು. "ಹೊತ್ತು ಕೇಳೋದಕ್ಕೆ ಗುಡ್ಡ ಯಾಕೆ ಹತ್ಬೇಕು? ಕಾಲು ನೋಡ್ಕೊಳ್ರೋ."

ನೋಡಿಕೊಂಡರು. ಪ್ರತಿಯೊಬ್ಬರ ನೆರಳೂ ಅವರವರ ಪಾದದ ಕೆಳಗೆ ಮುದುಡಿ ಕೂತಿತ್ತು. ಹಿರೀಕನದು ಹಿರೀಕನ ಕೆಳಗೆ, ಕೂಲಿಯವನದು ಕೂಲಿಯವನ ಕೆಳಗೆ, ಅಜ್ಜಿಯದು ಅಜ್ಜಿಯ ಕೆಳಗೆ. ಯಾರದೂ ದೊಡ್ಡದಲ್ಲ, ಯಾರದೂ ಸಣ್ಣದಲ್ಲ. ಯಾರೂ ಹೊತ್ತು ತಂದದ್ದಲ್ಲ.

"ನಡುಹಗಲು," ಎಂದಳು ಉಪ್ಪಜ್ಜಿ. ಒಂದೇ ಸಲ. ಹೇಳಿದವಳೇ ಬದುವಿನ ಮೇಲೆ ಕುಕ್ಕರಿಸಿ ಕೂತಳು.

ಅಳಿಯ ಹೆಂಡತಿಯನ್ನು ಎತ್ತಿಕೊಂಡು ಚಪ್ಪರದ ಒಳಗೆ ನಡೆದ. ಬಾಗಿಲಲ್ಲಿದ್ದ ಹಿರೀಕರು ಸರಿದು ದಾರಿ ಬಿಟ್ಟರು. ಒಬ್ಬ ತನ್ನ ಕೋಟು ಬಿಚ್ಚಿ ಅವಳ ತಲೆಯಡಿಗೆ ಮಡಿಸಿಟ್ಟ. ತೋಪಿನಮ್ಮ ಮಗಳ ತಲೆಗೆ ನೀರು ತಟ್ಟುತ್ತಾ, "ಕಣ್ಣು ಬಿಡು ಮಗಳೇ, ಊಟದ ಹೊತ್ತಾಯ್ತು," ಎಂದು ಹೇಳಿದಳು, ಹೇಳುತ್ತಲೇ ಇದ್ದಳು. ಬಹಳ ಹೊತ್ತಾದಮೇಲೆ ಮಗಳು ಕಣ್ಣು ಬಿಟ್ಟಳು. ಮೂರು ತಿಂಗಳಿಗೆ ಹೆಣ್ಣುಕೂಸು ಹುಟ್ಟಿತು, ಗಟ್ಟಿಮುಟ್ಟಾಗಿ. ಮಗಳಿಗೆ ಮಾತ್ರ ಅಂದಿನಿಂದ ಬಿಸಿಲಿಗೆ ಹೋದರೆ ತಲೆ ಸಿಡಿಯುತ್ತಿತ್ತು. ಅದು ಹೋಗಲೇ ಇಲ್ಲ.

ಊರಿನದೂ ಹಾಗೇ. ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಆ ಊರಿಗೆ ಅವಮಾನ. ನಡುವಯಸ್ಸಿನವರಿಗೆ ನೆತ್ತಿಯ ಬಿಸಿಲಿನಲ್ಲಿ ಅನ್ನ ಸೇರುತ್ತಿರಲಿಲ್ಲ, ದೀಪ ಹಚ್ಚಿದಮೇಲೇ ಹೊಟ್ಟೆ ಚುರುಗುಟ್ಟುತ್ತಿತ್ತು. ಮುದುಕರು ಸಂಜೆ ತಮಗೇ ತಿಳಿಯದಂತೆ ಕತ್ತಲೆಗೆ ಮುಖ ಮಾಡಿ ನಿಂತು, ಬಾಯಿ ತೆರೆದು, ಏನು ಹೇಳಬೇಕೆಂದು ಮರೆತು ಮತ್ತೆ ಮುಚ್ಚುತ್ತಿದ್ದರು. ದೊಡ್ಡ ಹಿರೀಕ ಸಾಯುವ ತನಕ ಕೋಟು ಬಿಚ್ಚಲಿಲ್ಲ, ಆದರೆ ಗುಂಡಿ ಹಾಕುವುದನ್ನು ಬಿಟ್ಟ. ಕೂರುವುದನ್ನು ಕಲಿಯಲು ಜನಕ್ಕೆ ವರ್ಷಗಳೇ ಹಿಡಿದವು. ಕೂತವರು ಬೆನ್ನ ಹಿಂದೆ ಸದ್ದಾದರೆ ಥಟ್ಟನೆ ಎದ್ದು ನಿಲ್ಲುತ್ತಿದ್ದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾ ಮತ್ತೆ ಕೂರುತ್ತಿದ್ದರು.

ತೋಪಿನಮ್ಮನ ದೊಡ್ಡಸ್ತಿಕೆ ಹೋಯಿತು. ಅವಳ ಮನೆಗೆ ತೂಕಡಿಸಿದವರ ಮನೆ ಎಂದು ಹೆಸರು ಬಿತ್ತು. ಅವಳು ಆಗರಕ್ಕಿಳಿದು ಉಪ್ಪು ಎಳೆಯಲು ಕಲಿತಳು, ಮೊದಮೊದಲು ಮಣ್ಣೇ ಜಾಸ್ತಿ ಬರುತ್ತಿತ್ತು. ಯಾರಾದರೂ ಕುಟುಕಿದರೆ ಅವಳು ಸೊಂಟದ ಮೇಲೆ ಕೈಯಿಟ್ಟು, "ಹೌದು ಕಣೇ. ನಮ್ಮ ಮನೆಯವರು ಏಳು ತಲೆಮಾರು ತೂಕಡಿಸಿದ್ದಕ್ಕೇ ನೀವೆಲ್ಲ ಎಚ್ಚರ ಆದದ್ದು," ಎನ್ನುತ್ತಿದ್ದಳು. ಅವಳ ಹೆಮ್ಮೆ ಕರಗಿರಲಿಲ್ಲ. ಮೊದಲು ಅದು ಗುಡ್ಡದ ಮೇಲಿತ್ತು, ಈಗ ಮೊಣಕಾಲಿನ ತನಕ ಕೆಸರಿನಲ್ಲಿತ್ತು, ಹೆಚ್ಚು ಗಟ್ಟಿಯಾಗಿತ್ತು.

ಮೊಮ್ಮಗಳಿಗೆ ಹಲ್ಲು ಬೀಳುವ ವಯಸ್ಸಿನಲ್ಲಿ ದೂರದಲ್ಲಿ ಒಂದು ಹಾಯಿ ಕಂಡಿತು. ಒಂದೇ ಹಡಗು. ಅದರಿಂದ ಒಬ್ಬನೇ ಇಳಿದ. ತೋಪಿರಲಿಲ್ಲ, ಚಾವಟಿಯಿರಲಿಲ್ಲ. ಒಳ್ಳೆಯ ಮಾತಿನವನು, ಊರಿನ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ. ಕಂಕುಳಲ್ಲಿ ಮಖಮಲ್ಲಿನ ಪೆಟ್ಟಿಗೆ. ಜನ ಕೆಲಸ ಬಿಟ್ಟು ಚಪ್ಪರದ ಕೆಳಗೆ ಊಟಕ್ಕೆ ಸಾಲಾಗಿ ಕೂರುತ್ತಿದ್ದ ಹೊತ್ತು. ಅವನು ಪೆಟ್ಟಿಗೆ ತೆರೆದ. ಒಳಗೆ ಹೊಸ ಗಾಜು, ಮರಳು ಸಣ್ಣಗೆ ಬೀಳುತ್ತಿತ್ತು.

"ಮಾನ್ಯರೇ," ಎಂದ. "ನಮ್ಮ ಹಿರಿಯರು ನಿಮಗೆ ಕೊಟ್ಟ ಹೊತ್ತು ಕೆಟ್ಟಿದೆಯೆಂದು ಕೇಳಿ ನಾವು ಬಹಳ ನೊಂದೆವು. ಸರಿಯಾದುದನ್ನು ತಂದಿದ್ದೇನೆ. ಇದಕ್ಕೆ ನೀವು ಏನನ್ನೂ ಕೊಡಬೇಕಾಗಿಲ್ಲ."

ಹಿರೀಕರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಖಮಲ್ಲು ಚೆನ್ನಾಗಿತ್ತು. ಒಬ್ಬನ ಕೈ ಅರ್ಧ ಚಾಚಿಯೂ ಆಗಿತ್ತು. ತೋಪಿನಮ್ಮ ಕೆಸರು ಕಾಲಿನಲ್ಲೇ ಎದ್ದು ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಗಾಜು ಮಗುಚುವ ಕೆಲಸ ಅವಳಷ್ಟು ಬಲ್ಲವರು ಈ ಲೋಕದಲ್ಲೇ ಇರಲಿಲ್ಲ.

"ಇದನ್ನ ಯಾರು ಮಗುಚ್ತಾರೆ ಮಗಾ?"

"ನಾನೇ. ಹಡಗಿನಲ್ಲಿ ಆರು ತಿಂಗಳು."

ಅವಳು ಅವನ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದಳು. ಅದು ಅವಳ ಅವ್ವನ ಕಣ್ಣಿನ ಕೆಳಗೂ ಇತ್ತು. ಅವಳಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು.

"ಒಳ್ಳೆ ಗಾಜು. ನಿಮ್ಮೂರಲ್ಲಿ ಇರಲಿ, ಅಲ್ಲಿ ಅದಕ್ಕೊಂದು ಮರ್ಯಾದೆ ಉಂಟು. ನಮಗೆ ಬೇಡ," ಎಂದಳು. "ಮುಚ್ಚಳ ಹಾಕಿಡು. ದೂರದಿಂದ ಬಂದಿದ್ದಿ, ಹಸಿದಿದ್ದಿ. ಕೈ ತೊಳ್ಕೊ."

"ಆದರೆ ಅಮ್ಮಾ, ಇದರ ಪ್ರಕಾರ ಇನ್ನೂ ಬೆಳಗಿನ ಜಾವ..."

"ಕೈ ತೊಳ್ಕೊ ಅಂದೆ."

ಸಾಲಿನಲ್ಲಿದ್ದವರು ಜರುಗಿ ಜಾಗ ಮಾಡಿದರು. ಅವನು ಟೋಪಿ ತೆಗೆದು, ಕಾಲು ಮಡಿಸಲು ಬಾರದೆ ಒದ್ದಾಡಿ, ಕಡೆಗೆ ಹೇಗೋ ಕೂತ. ಅವನ ಮುಂದೆ ಎಲೆ ಹಾಸಿದರು. ತೋಪಿನಮ್ಮ ಬಗ್ಗಿ, ಎಲ್ಲಕ್ಕಿಂತ ಮೊದಲು, ಎಲೆಯ ತುದಿಗೆ ಒಂದು ಚಿಟಿಕೆ ಉಪ್ಪು ಬಡಿಸಿದಳು.

"ನಮ್ಮ ಸೂರ್ಯ ಮಾಡಿದ್ದು," ಎಂದಳು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾ. "ಹೊತ್ತಿಗೆ ಸರಿಯಾಗಿ."